ಚಂದ್ರನಿಗೆ ಅಡ್ಡ ಬಂದ ನೀರುಕಾಗೆ

ಮುಖ್ಯರಸ್ತೆಯಿಂದ ಬಲಕ್ಕೆ ಹೊರಳಿದರೆ ಮೂರನೆಯ ಮನೆ. ಅದರ ಮುಂದಿನ ಕೋಣೆಯೇ ಅಕ್ಕನ ಸ್ಟುಡಿಯೋ. ಒಂದು ಸ್ಟೂಲು, ಹಿಂದೆ ಬಿಳಿ ಪರದೆ, ಕೊಡೆ ಕಟ್ಟಿದ ಎರಡು ದೀಪ, ಗೋಡೆಗೊಂದು ಕನ್ನಡಿ, ಕನ್ನಡಿಗೆ ದಾರದಲ್ಲಿ ಕಟ್ಟಿದ ಬಾಚಣಿಗೆ. ದಾರ ಯಾಕೆಂದರೆ ಹಿಂದಿನ ಬಾಚಣಿಗೆಗಳೆಲ್ಲ ಗಿರಾಕಿಗಳ ಜೇಬು ಸೇರಿದ್ದವು. ಪಾಸ್‌ಪೋರ್ಟ್ ಫೋಟೋ, ಶಾಲೆಯ ಗುರುತಿನ ಚೀಟಿಯ ಫೋಟೋ, ಹಳೆಯ ಫೋಟೋಗಳಿಗೆ ಕಟ್ಟು ಹಾಕಿಕೊಡುವುದು, ಇದು ಅವಳ ಕಸುಬು. ಬೀದಿಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಬೆನ್ನ ಹಿಂದೆ ಮಾತ್ರ ಕೊಕ್ಕರೆ.

ಆ ಹೆಸರು ಬಂದದ್ದು ಕೆರೆಯಿಂದ. ಸ್ಟುಡಿಯೋ ತೆರೆಯುವ ಮುನ್ನ ಬೆಳಗ್ಗೆ ಅವಳು ಉದ್ದ ಲೆನ್ಸಿನ ಕ್ಯಾಮೆರಾ ಹಿಡಿದು ಊರಾಚೆಯ ಕೆರೆಯ ಅಂಚಿನಲ್ಲಿ ನಿಂತುಬಿಡುತ್ತಿದ್ದಳು. ಒಂದು ಮಿಂಚುಳ್ಳಿ ಒಂದು ಕೊಂಬೆಗೆ ಬಂದು ಕೂರಲೆಂದು ಇಡೀ ಬೆಳಗು ಕಾಯುತ್ತಿದ್ದಳು. ಬರಲಿಲ್ಲವೋ, ಮರುದಿನ ಅದೇ ಕೊಂಬೆಯ ಎದುರು ಹಾಜರು. ಕತ್ತಿನ ಮೇಲೆ ಸೊಳ್ಳೆ ಕೂತು ಹೊಟ್ಟೆ ತುಂಬಿಸಿಕೊಂಡು ಎದ್ದುಹೋದರೂ ಕೈ ಎತ್ತುತ್ತಿರಲಿಲ್ಲ. ಅವಳ ಹಕ್ಕಿಗಳು ಊರಿನ ಅರ್ಧಕ್ಕರ್ಧ ಅಂಗಡಿಗಳ ಕ್ಯಾಲೆಂಡರಿನಲ್ಲಿದ್ದವು. "ತಾಳ್ಮೆ ಅಂದ್ರೆ ಅವಳದ್ದು" ಎಂದು ಎಲ್ಲರೂ ಹೇಳುತ್ತಿದ್ದರು. ಅವಳೂ ಹಾಗೇ ನಂಬಿದ್ದಳು.

ಆ ವರ್ಷ ಕೆರೆಯ ಹೂಳೆತ್ತಲು ಯಂತ್ರಗಳು ಬಂದವು. ಹಕ್ಕಿಗಳೆಲ್ಲ ಹಗಲು ಹೊತ್ತು ನದಿಯ ಕಡೆಗೆ ಹೋಗತೊಡಗಿದವು, ಸಂಜೆ ಮಲಗಲು ಮಾತ್ರ ಕೆರೆಯಾಚೆಯ ಮರಗಳಿಗೆ ಬರುತ್ತಿದ್ದವು. ಕೈ ಖಾಲಿಯಾದ ಅಕ್ಕ ಒಂದು ಸಂಜೆ ಮಾಳಿಗೆಯ ಮೇಲಿಂದ, ಬೇಜಾರು ಕಳೆಯಲು, ಆ ಉದ್ದ ಲೆನ್ಸನ್ನು ಚಂದ್ರನ ಕಡೆ ತಿರುಗಿಸಿದಳು. ಪರದೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಅಂಚಿನಲ್ಲಿ ಸಣ್ಣಸಣ್ಣ ಹಳ್ಳಗಳು, ಹಳ್ಳದೊಳಗೆ ನೆರಳು. ಇನ್ನೂ ದೊಡ್ಡದು ಮಾಡಿದರೆ ಬರೀ ಚೌಕಚೌಕ. ಅಲ್ಲಿಗೆ ಅವಳ ಲೆನ್ಸಿನ ಶಕ್ತಿ ಮುಗಿದಿತ್ತು, ಅವಳ ಆಸೆ ಆಗಷ್ಟೇ ಶುರುವಾಗಿತ್ತು. ತಿಂಗಳೊಪ್ಪತ್ತಿನಲ್ಲಿ ಟೆಲಿಸ್ಕೋಪ್ ಮನೆಗೆ ಬಂತು.

ಅದು ದೊಡ್ಡ ದೊಡ್ಡ ಪೆಟ್ಟಿಗೆಗಳಲ್ಲಿ ಬಂತು. ಒಂದರಲ್ಲಿ ಬಕೆಟ್ಟಿನಷ್ಟು ದಪ್ಪದ ಬಿಳಿ ಕೊಳವೆ, ಅದರ ತಳದಲ್ಲಿ ಕನ್ನಡಿ. ಇನ್ನೊಂದರಲ್ಲಿ ಕಾಲುಗಳು, ತೂಕ ಸರಿದೂಗಿಸುವ ಕಬ್ಬಿಣದ ಗುಂಡು, ಚಿಲ್ಲರೆ ಸಾಮಾನು. ಜೊತೆಗೆ ಬಂದ ಪುಸ್ತಕದಲ್ಲಿ ಏಳು ಭಾಷೆಗಳಿದ್ದವು, ಯಾವುದರಲ್ಲೂ ಅರ್ಥ ಇರಲಿಲ್ಲ. ಸ್ಟುಡಿಯೋದ ನೆಲದ ಮೇಲೆ ಎಲ್ಲವನ್ನೂ ಹರಡಿಕೊಂಡು ಕೂತ ಅಕ್ಕನನ್ನು ಅತ್ತೆ ಬಾಗಿಲಲ್ಲಿ ನಿಂತು ನೋಡಿದರು.

"ಇದೇನಿದು, ಫಿರಂಗಿ ತರಿಸಿದ್ದೀಯಾ?"

"ಟೆಲಿಸ್ಕೋಪ್ ಅತ್ತೆ. ನಕ್ಷತ್ರ, ಗ್ರಹ ಎಲ್ಲಾ ಹತ್ತಿರ ಕಾಣುತ್ತೆ."

"ದೂರ ಇರೋದೇ ಒಳ್ಳೇದಲ್ವಾ?" ಎಂದು ಅತ್ತೆ ಒಳಗೆ ಹೋದರು.

ಅಕ್ಕನ ಗಂಡ ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವನು. ಇಪ್ಪತ್ತು ವರ್ಷಗಳಿಂದ ಹೊಸಬರ ಪಕ್ಕದಲ್ಲಿ ಕೂತು, ಲಾರಿಯ ಕಡೆಗೆ ನೇರವಾಗಿ ಹೋಗುವ ಕಾರುಗಳಲ್ಲೂ ದನಿ ಏರಿಸದೆ "ನಿಧಾನ, ನಿಧಾನ" ಎಂದು ಹೇಳಿ ಹೇಳಿ ಅವನ ರಕ್ತವೇ ತಣ್ಣಗಾಗಿತ್ತು. ಕಬ್ಬಿಣದ ಗುಂಡು ಜಾರಿ ಅಕ್ಕನ ಕಾಲ್ಬೆರಳಿನ ಮೇಲೆ ಬಿದ್ದಾಗಲೂ ಅವನು ಹೇಳಿದ್ದು ಅದೇ ಮಾತು. ಅಕ್ಕ ಅವನನ್ನು ನೋಡಿದ ನೋಟಕ್ಕೆ ಬೇರೆ ಯಾರಾದರೂ ಮನೆ ಬಿಟ್ಟು ಹೋಗುತ್ತಿದ್ದರು.

ಜೋಡಿಸಿ ಮುಗಿಸಿದ ಸಂಜೆಯೇ ಮೋಡ ಕವಿಯಿತು. ಮರುದಿನವೂ ಮೋಡ. ಅದರ ಮರುದಿನ ಹಗಲೆಲ್ಲ ತೊಳೆದಿಟ್ಟ ಹಾಗಿದ್ದ ಆಕಾಶ ಸೂರ್ಯ ಇಳಿಯುತ್ತಲೇ ಪರದೆ ಎಳೆದುಕೊಂಡಿತು. ವಾರ ಕಳೆಯಿತು, ಎರಡನೆಯ ವಾರವೂ ಕಳೆಯಿತು. ಹಕ್ಕಿ ಬರಲಿಲ್ಲ ಅಂದರೆ ಹಕ್ಕಿಗೆ ಅದರದೇ ಕೆಲಸ ಇರುತ್ತದೆ ಎಂದು ಅಕ್ಕ ಸಮಾಧಾನ ಮಾಡಿಕೊಳ್ಳುತ್ತಿದ್ದವಳು. ಮೋಡಕ್ಕೇನು ಕೆಲಸ? ಮಳೆ ಸುರಿಸುವ ಯೋಗ್ಯತೆಯೂ ಇರಲಿಲ್ಲ ಅದಕ್ಕೆ. ಮಾಳಿಗೆಯಲ್ಲಿ ಒಣಹಾಕಿದ ಬಟ್ಟೆಗಳನ್ನು ಹಸಿಹಸಿಯಾಗೇ ಕೆಳಗೆ ತರುತ್ತಾ ಅತ್ತೆ ಒಂದು ಸಂಜೆ ತೀರ್ಪು ಕೊಟ್ಟರು: "ಗ್ರಹ ನೋಡ್ತೀನಿ ಅಂತ ಹೋಗಿ ಮನೆಗೆ ಗ್ರಹಚಾರ ತಂದಿಟ್ಟೆ."

ಕೊನೆಗೊಂದು ಸಂಜೆ ಆಕಾಶ ತಿಳಿಯಾಯಿತು. ಅಕ್ಕ ಕೊಳವೆಯನ್ನು ಮಗುವಿನ ಹಾಗೆ ತೋಳಲ್ಲಿ ಹೊತ್ತು ಮಾಳಿಗೆ ಹತ್ತಿದಳು. ಆ ಸ್ಟ್ಯಾಂಡಿನ ಕತ್ತೇ ಓರೆ. ಎಡಕ್ಕೆ ತಿರುಗಿಸಿದರೆ ಕೊಳವೆ ಮಲಗುತ್ತದೆ, ಮೇಲಕ್ಕೆತ್ತಿದರೆ ಬಲಕ್ಕೆ ಹೊರಳುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಎರಡು ತಿರುಪುಗಳ ಜಗಳ ಬಿಡಿಸಿ, ಹೇಗೋ ಚಂದ್ರನನ್ನು ಒಳಗೆ ತಂದಳು. ಕಣ್ಣಿಟ್ಟು ನೋಡಿದಳು. ಕೈಚಾಚಿದರೆ ಬೆರಳಿಗೆ ಧೂಳು ಹತ್ತೀತು ಅನ್ನಿಸುವಷ್ಟು ಹತ್ತಿರ. ಬೆಟ್ಟಗಳು, ಬೆಟ್ಟದ ನೆರಳುಗಳು, ಹಳ್ಳದೊಳಗೊಂದು ಹಳ್ಳ.

ಆಮೇಲೆ ಕಣ್ಣಿಡುವ ಲೆನ್ಸು ತೆಗೆದು, ಆ ಜಾಗಕ್ಕೆ ಕ್ಯಾಮೆರಾ ಸಿಕ್ಕಿಸಿದಳು. ಪರದೆಯಲ್ಲಿ ಕಂಡದ್ದು ಹಾಲು ಚೆಲ್ಲಿದ ಹಾಗೆ ಒಂದು ಬಿಳಿ ಮಚ್ಚೆ. ಫೋಕಸಿನ ಗುಂಡಿ ತಿರುಗಿಸಿದಳು. ಮಚ್ಚೆ ಚಿಕ್ಕದಾಯಿತು, ಇನ್ನೂ ಚಿಕ್ಕದಾಯಿತು, ಇನ್ನೇನು ಚಂದ್ರ ಆಗಬೇಕು ಅನ್ನುವಷ್ಟರಲ್ಲಿ ಗುಂಡಿ ಟಕ್ಕೆಂದು ನಿಂತಿತು. ಮುಂದಕ್ಕೆ ಜಾಗವೇ ಇಲ್ಲ. ಬಿಚ್ಚಿದಳು, ಒರೆಸಿದಳು, ಮತ್ತೆ ಹಾಕಿದಳು. ಮತ್ತೆ ಅದೇ ಟಕ್. ಚಂದ್ರ ಮುಳುಗುವ ತನಕ ಅದೇ ಟಕ್.

ಮರುದಿನ ಟೆಲಿಸ್ಕೋಪ್ ಮಾರಿದ ಅಂಗಡಿಯವನಿಗೆ ಫೋನ್ ಮಾಡಿದಳು.

"ಮೇಡಂ, ಫೋಕಸ್ ಗುಂಡಿ ತಿರುಗಿಸಿದ್ರಾ?"

"ತಿರುಗಿಸಿ ತಿರುಗಿಸಿ ಹೆಬ್ಬೆರಳಿಗೆ ಗುಳ್ಳೆ ಬಂದಿದೆ!"

"ಕ್ಯಾಮೆರಾ ಆನ್ ಇತ್ತಾ ಮೇಡಂ?"

ಹದಿನೆಂಟನೆಯ ವಯಸ್ಸಿನಿಂದ ಕ್ಯಾಮೆರಾ ಹಿಡಿದವಳಿಗೆ ಕೇಳುವ ಪ್ರಶ್ನೆಯೇ ಇದು! ಅಕ್ಕ ಫೋನನ್ನು ಕಿವಿಯಿಂದ ದೂರ ಹಿಡಿದು ಒಮ್ಮೆ ಉಸಿರೆಳೆದುಕೊಂಡಳು. ಅಂಗಡಿಯವನು ಯಾರನ್ನೋ ಕೇಳಿ ಬಂದು, "ಮೇಡಂ, ಆ ಮಾಡೆಲ್‌ನಲ್ಲಿ ಕ್ಯಾಮೆರಾ ನೇರವಾಗಿ ಹಾಕಿದ್ರೆ ಫೋಕಸ್ ಬರೋದೇ ಇಲ್ವಂತೆ" ಎಂದ, ಇದು ಎಲ್ಲರಿಗೂ ಗೊತ್ತಿರುವ ವಿಷಯ ಅನ್ನುವ ಧಾಟಿಯಲ್ಲಿ. ಕನ್ನಡಿಯಿಂದ ಬಂದ ಬೆಳಕು ಕ್ಯಾಮೆರಾದ ಒಳಗಣ್ಣನ್ನು ಮುಟ್ಟುವ ಮೊದಲೇ ಒಂದೆಡೆ ಸೇರಿಬಿಡುತ್ತದಂತೆ. ಅದನ್ನು ಸ್ವಲ್ಪ ಮುಂದೆ ತಳ್ಳಲು ಬಾರ್ಲೋ ಅನ್ನುವ ಇನ್ನೊಂದು ಲೆನ್ಸು ನಡುವೆ ಹಾಕಬೇಕಂತೆ.

"ಇದನ್ನ ಮಾರೋವಾಗ ಹೇಳೋಕೆ ಆಗ್ಲಿಲ್ವಾ?"

"ನೀವು ಕೇಳ್ಲಿಲ್ವಲ್ಲ ಮೇಡಂ."

ಬಾರ್ಲೋ ಬಂತು. ಫೋಕಸ್ ಸಿಕ್ಕಿತು. ಅಷ್ಟರಲ್ಲಿ ಹೊಸ ತಾಪತ್ರಯ ಸಿದ್ಧವಾಗಿತ್ತು. ಈಗ ಚಂದ್ರ ಎಷ್ಟು ದೊಡ್ಡದಾಗಿ ಕಾಣುತ್ತಿದ್ದನೆಂದರೆ, ಅತ್ತೆ ಮಾಳಿಗೆಯ ಆ ತುದಿಯಲ್ಲಿ ಟವೆಲ್ ಕೊಡವಿದರೆ ಈ ತುದಿಯಲ್ಲಿ ಚಂದ್ರ ಕುಣಿಯುತ್ತಿದ್ದ. ಕೆಳಗೆ ಬಾಗಿಲು ಹಾಕಿದರೂ ಕುಣಿತ. ಕ್ಯಾಮೆರಾದ ಬಟನ್ ಒತ್ತಿದರೂ ಕುಣಿತ. ಕುಣಿತ ನಿಲ್ಲುವ ಹೊತ್ತಿಗೆ ಭೂಮಿ ತಿರುಗಿ ಚಂದ್ರ ಚೌಕಟ್ಟಿನ ಆಚೆ ಹೋಗಿರುತ್ತಿದ್ದ. ಭೂಮಿ ತಿರುಗುತ್ತದೆ ಎಂದು ಶಾಲೆಯಲ್ಲಿ ಓದಿದ್ದಳು. ಇಷ್ಟು ಅವಸರದಲ್ಲಿ ತಿರುಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

ಎದುರುಮನೆಯ ಟೈಲರ್ ಅದೇ ವಾರ ತನ್ನ ಮನೆಯ ಮೇಲೆ ಆಟದ ಮೈದಾನಕ್ಕೆ ಹಾಕುವಂಥ ದೀಪ ಹಾಕಿಸಿದ. ಅವನ ಸ್ಕೂಟರಿನ ಕನ್ನಡಿಯನ್ನು ಯಾರೋ ಕಿತ್ತೊಯ್ದಿದ್ದರು. ಕಳ್ಳ ಮತ್ತೆ ಬಂದರೆ ಮುಖ ಕಾಣಲಿ ಎಂದು ದೀಪ. ಅದರ ಬೆಳಕಿಗೆ ಅಕ್ಕನ ಮಾಳಿಗೆಯಲ್ಲಿ ಪೇಪರ್ ಓದಬಹುದಿತ್ತು. ಅವಳು ಹೋಗಿ ಕೇಳಿದಳು: "ಅಣ್ಣಾ, ಸಂಜೆ ಒಂದು ಗಂಟೆ ಹೊತ್ತು ಆರಿಸ್ತೀರಾ? ಕಳ್ಳ ಅಷ್ಟು ಬೇಗ ಏಳಲ್ಲ."

ಟೈಲರ್ ಒಳ್ಳೆಯ ಮನುಷ್ಯ. ಒಪ್ಪಿದ, ಆದರೆ ತನಗೂ ತೋರಿಸಬೇಕೆಂದ. ಬಂದ, ಬಗ್ಗಿದ, ಒಂದು ಕಣ್ಣು ಮುಚ್ಚಿ ಬಹಳ ಹೊತ್ತು ನೋಡಿದ. ಆಮೇಲೆ ಅಕ್ಕ ತೆಗೆದ ಫೋಟೋಗಳನ್ನೂ ನೋಡಿದ.

"ಚೆನ್ನಾಗಿದೆ ಅಕ್ಕಾ. ಆದ್ರೆ ಒಂದ್ನಿಮಿಷ." ಜೇಬಿಂದ ಫೋನ್ ತೆಗೆದು ಚಂದ್ರನಿಗೆ ಹಿಡಿದ, ಒತ್ತಿದ, ತೋರಿಸಿದ. ಹಳ್ಳ, ಗೆರೆ, ನೆರಳು, ಎಲ್ಲವೂ ಅಚ್ಚುಕಟ್ಟು. ಅಕ್ಕನ ಫೋಟೋಗಿಂತ ಸ್ಪಷ್ಟ. "ನೋಡಿ, ಇದು ಹೋದ ವರ್ಷದ ಫೋನು."

"ಅದು ತೆಗೆಯೋದಲ್ಲ ಅಣ್ಣಾ, ಬರೆಯೋದು. ಒಳಗೆ ಇರೋ ಚಂದ್ರನ ಮುಖ ತಂದು ಅಂಟಿಸುತ್ತೆ."

"ಹೌದಾ? ಆದ್ರೂ ಚೆನ್ನಾಗಿ ಅಂಟಿಸಿದೆ ಅಲ್ವಾ?"

ಅಕ್ಕನ ಮೈಯೆಲ್ಲ ಉರಿದುಹೋಯಿತು. ಕೆಳಗಿಳಿದು ಬಂದವಳೇ ಗಂಡನ ಮುಂದೆ ನಿಂತು, ನಾಳೆಯೇ ಅದನ್ನು ಮಾರಿಬಿಡುತ್ತೇನೆ ಎಂದಳು. ಅವನು ತಲೆಯೆತ್ತಿ, "ಮೊದಮೊದಲು ಯಾರಿಗೂ ಗೇರ್ ಸರಿಯಾಗಿ ಬೀಳಲ್ಲ ಕಣೇ. ನಿಧಾನ..." ಎಂದ.

"ರೀ, ನಾನು ನಿಮ್ಮ ಸ್ಟೂಡೆಂಟ್ ಅಲ್ಲ! ಇನ್ನೊಂದ್ಸಲ ಆ ನಿಧಾನ ಅನ್ನೋ ಮಾತು ಈ ಮನೇಲಿ ಕೇಳಿಸಿದ್ರೆ, ಆ ಫಿರಂಗಿಗೆ ನಿಮ್ಮನ್ನೇ ತುಂಬಿ ಹಾರಿಸ್ತೀನಿ."

ಅವನು ಪೇಪರ್ ಮಡಚಿಟ್ಟ. "ಸರಿ. ಬೇಗ ಬೇಗ ಕಲಿ ಹಾಗಾದ್ರೆ," ಎಂದ. ಒಳಗಿನಿಂದ ಅತ್ತೆ ನಕ್ಕದ್ದು ಕೇಳಿಸಿತು. ಅದು ಅವಳಿಗೆ ಇನ್ನಷ್ಟು ಸಿಟ್ಟು ತರಿಸಿತು.

ಮಾರಲಿಲ್ಲ. ಯಾರಾದರೂ ಕೊಳ್ಳುವವರು ಬಂದರೆ ಅವರಿಗೆ ಇದನ್ನೆಲ್ಲ ಕಲಿಸಬೇಕಲ್ಲ ಎಂದು ಯೋಚಿಸಿಯೇ ಅವಳಿಗೆ ಸುಸ್ತಾಯಿತು. ಬದಲಿಗೆ ಸ್ಟ್ಯಾಂಡಿನ ಕಾಲುಗಳಿಗೆ ಹಳೆಯ ಚಪ್ಪಲಿಯ ರಬ್ಬರು ಕತ್ತರಿಸಿ ಹಾಕಿದಳು. ಒಂದೊಂದೇ ಫೋಟೋ ತೆಗೆಯುವುದನ್ನು ಬಿಟ್ಟು ವಿಡಿಯೋ ತೆಗೆಯಲು ಕಲಿತಳು. ಗಾಳಿ ಅಲುಗಾಡಿದರೂ ವಿಡಿಯೋದ ನೂರಾರು ಚಿತ್ರಗಳಲ್ಲಿ ಕೆಲವಾದರೂ ನೆಟ್ಟಗಿರುತ್ತವೆ, ಅವನ್ನು ಆರಿಸಿ ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಇಟ್ಟರೆ ಚಂದ್ರ ತಿಳಿಯಾಗುತ್ತಾನೆ. ಸಂಜೆ ಬೆಳಕಿರುವಾಗಲೇ ಚಂದ್ರ ಮೇಲಿರುತ್ತಾನಲ್ಲ, ಆಗಲೇ ಮುಗಿಸಿದರೆ ಟೈಲರನ ದೀಪದ ಕಾಟವೂ ಇಲ್ಲ ಎಂದೂ ಗೊತ್ತಾಯಿತು.

ಹುಣ್ಣಿಮೆಗೆ ಎರಡು ದಿನ ಮುಂಚಿನ ಒಂದು ಸಂಜೆ. ಸೂರ್ಯ ಇನ್ನೇನು ಇಳಿಯುವುದರಲ್ಲಿದ್ದ, ಪೂರ್ವದಲ್ಲಿ ಕೆರೆಯ ಮೇಲೆ ಚಂದ್ರ ಆಗಲೇ ಏರಿದ್ದ. ಗಾಳಿ ಇರಲಿಲ್ಲ. ಅತ್ತೆಗೆ ಮೊದಲೇ ಹೇಳಿ ಬಟ್ಟೆಗಳನ್ನು ಕೆಳಗಿಳಿಸಿಯಾಗಿತ್ತು, ಅವರು ಮೆಟ್ಟಿಲ ಮೇಲೆ ಉಸಿರು ಬಿಗಿಹಿಡಿದು ಕೂತಿದ್ದರು. ಪರದೆಯಲ್ಲಿ ಚಂದ್ರ ಅಲುಗದೆ ನಿಂತಿದ್ದ. ಅಷ್ಟು ದಿನಗಳಲ್ಲಿ ಅಂಥ ಚಂದ್ರ ಸಿಕ್ಕಿರಲಿಲ್ಲ. ಅಕ್ಕ ಹಗುರವಾಗಿ ಬಟನ್ ಒತ್ತಿ ವಿಡಿಯೋ ಶುರುಮಾಡಿದಳು.

ಅರ್ಧ ನಿಮಿಷ ಕಳೆದಿರಲಿಲ್ಲ, ಚಂದ್ರನ ಮೇಲೆ ಸರಕ್ಕನೆ ಏನೋ ಹಾದುಹೋಯಿತು. ಹಿಂದೆಯೇ ಇನ್ನೊಂದು. ಮತ್ತೊಂದು. ನದಿಯಿಂದ ಮರಗಳಿಗೆ ಮಲಗಲು ಹೊರಟ ನೀರುಕಾಗೆಗಳ ಸಾಲು.

"ಹೋಗ್ರೋ ಆಚೆ! ಹೋಗಿ ಅಂದ್ರೆ! ಇಡೀ ಆಕಾಶ ಖಾಲಿ ಬಿದ್ದಿದೆ, ಇಲ್ಲೇ ಬರ್ಬೇಕಾ ನಿಮಗೆ?" ಅಕ್ಕ ಎರಡೂ ಕೈ ಬೀಸಿ ಕಿರುಚಿದಳು. ಕೈ ಕೊಳವೆಗೆ ತಗುಲಿ ಚಂದ್ರ ಎತ್ತಲೋ ಹಾರಿಹೋದ.

ಅತ್ತೆ ಮೆಟ್ಟಿಲಿಂದ ಎದ್ದು ಬಂದರು. "ಇಷ್ಟು ವರ್ಷ ಹಕ್ಕಿ ಬಾ ಬಾ ಅಂತ ಕೆರೆ ಕಾಯ್ದೆ. ಇವತ್ತು ತಾವಾಗೇ ಮನೆ ಹತ್ರ ಬಂದ್ರೆ ಓಡಿಸ್ತಿದ್ದೀಯಲ್ಲೇ."

ಅಕ್ಕ ನೆಲದ ಮೇಲೆ ಕೂತುಬಿಟ್ಟಳು. ಅಳು ಬರಬೇಕೋ ನಗು ಬರಬೇಕೋ ತಿಳಿಯದೆ ಎರಡೂ ಅರ್ಧರ್ಧ ಬಂದವು.

ಹಾಳಾದ ಭಾಗವನ್ನು ಕತ್ತರಿಸಿ ಹಾಕೋಣವೆಂದು ಮರುದಿನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ವಿಡಿಯೋವನ್ನು ಒಂದೊಂದೇ ಚಿತ್ರವಾಗಿ ಸರಿಸುತ್ತಾ ಹೋದಳು. ಎರಡನೆಯ ಹಕ್ಕಿ ಬಂದಾಗ ಅವಳ ಬೆರಳು ನಿಂತಿತು. ಚಂದ್ರನ ಬಲ ಅಂಚಿನ ಹಳ್ಳಗಳ ಪಕ್ಕದಲ್ಲೇ, ರೆಕ್ಕೆ ಎರಡೂ ಕೆಳಗೆ ಬಾಗಿಸಿ, ಕತ್ತು ಮುಂದೆ ಚಾಚಿ ಒಂದು ಕಪ್ಪು ನೀರುಕಾಗೆ. ಅಂಚು ಕೊಂಚ ಮಸುಕು. ಹಕ್ಕಿ ಇರುವುದು ಕೂಗಳತೆಯಲ್ಲಿ, ಚಂದ್ರ ಇರುವುದು ಎಲ್ಲೋ, ಎರಡಕ್ಕೂ ಒಟ್ಟಿಗೆ ಫೋಕಸ್ ಸಿಗುವುದಿಲ್ಲ. ಬೇರೆ ದಿನವಾಗಿದ್ದರೆ ಅಂಥ ಮಸುಕು ಹಕ್ಕಿಯನ್ನು ಅವಳು ಅಳಿಸಿಹಾಕುತ್ತಿದ್ದಳು. ಅಂದು ಪಾಸ್‌ಪೋರ್ಟ್ ಫೋಟೋಗೆ ಬಂದವರು ಎರಡು ಸಲ ಕೆಮ್ಮುವ ತನಕ ನೋಡುತ್ತಲೇ ಇದ್ದಳು.

ಊರಿನ ಛಾಯಾಗ್ರಾಹಕರ ಸಂಘ ವರ್ಷಕ್ಕೊಮ್ಮೆ ಪ್ರದರ್ಶನ ಏರ್ಪಡಿಸುತ್ತಿತ್ತು. ಅಕ್ಕ ಆ ಚಿತ್ರವನ್ನು ಪ್ರಕೃತಿ ವಿಭಾಗಕ್ಕೆ ಕಳಿಸಿದಳು. ಸಂಘದ ಅಧ್ಯಕ್ಷರು ಪತ್ರಿಕೆಯಲ್ಲಿ ಫೋಟೋಗ್ರಾಫರ್ ಆಗಿ ನಿವೃತ್ತರಾದ ಹಿರಿಯರು. ಅವಳ ಕೈಗೆ ಮೊದಲ ಸಲ ಉದ್ದ ಲೆನ್ಸು ಕೊಟ್ಟವರು. ಅವರೇ ಫೋನ್ ಮಾಡಿದರು.

"ಚಿತ್ರ ತುಂಬಾ ಚೆನ್ನಾಗಿದೆಯಮ್ಮ. ಆದ್ರೆ ಅಂಟಿಸಿದ್ದನ್ನ ಪ್ರಕೃತಿ ವಿಭಾಗಕ್ಕೆ ತಗೊಳ್ಳೋ ಹಾಗಿಲ್ಲ. ನಿಯಮ ನಿನಗೇ ಗೊತ್ತಲ್ಲ."

"ಅಂಟಿಸಿದ್ದಾ? ಸರ್, ಅದು ನಿಜವಾಗಿ ಹಾದುಹೋದ ಹಕ್ಕಿ!"

"ಅಂಚು ನೋಡಮ್ಮ, ಮಸುಕಾಗಿದೆ. ಕತ್ತರಿಸಿ ಅಂಟಿಸಿದಾಗಲೇ ಹಾಗಾಗೋದು."

"ಅಂಟಿಸೋಳಾಗಿದ್ರೆ ಚೂಪಾಗಿರೋ ಹಕ್ಕೀನೇ ಅಂಟಿಸ್ತಿರ್ಲಿಲ್ವಾ ಸರ್? ನನ್ನ ಹತ್ರ ಸಾವಿರ ಇವೆ! ಬೇಕಾದ್ರೆ ವಿಡಿಯೋ ಕಳಿಸ್ತೀನಿ."

"ಈಗ ವಿಡಿಯೋನೂ ಮಾಡ್ತಾರಂತಲ್ಲಮ್ಮ," ಎಂದರು ಅಧ್ಯಕ್ಷರು, ಬಹಳ ಮೃದುವಾಗಿ.

ಆ ಮೃದುತನವೇ ಅವಳಿಗೆ ತಡೆಯಲಾಗಲಿಲ್ಲ. ಸುಳ್ಳು ಚಂದ್ರನನ್ನು ಬರೆದ ಫೋನಿಗೆ ಶಹಭಾಸ್, ಬೆರಳಿಗೆ ಗುಳ್ಳೆ ಬರಿಸಿಕೊಂಡು ಹಿಡಿದ ನಿಜ ಚಂದ್ರನಿಗೆ ಸುಳ್ಳುಗಾರನ ಪಟ್ಟ. "ಸರ್, ಮುಂದಿನ ತಿಂಗಳು ಹುಣ್ಣಿಮೆ ಮುಂಚೆ ನಮ್ಮ ಮಾಳಿಗೆಗೆ ಬನ್ನಿ. ಬರ್ಲೇಬೇಕು," ಎಂದಳು. ಅದು ಆಮಂತ್ರಣಕ್ಕಿಂತ ಪೊಲೀಸರ ಕರೆಯ ಹಾಗಿತ್ತು. ಪ್ರದರ್ಶನ ಆ ಚಿತ್ರವಿಲ್ಲದೆಯೇ ನಡೆಯಿತು.

ಅಧ್ಯಕ್ಷರು ಹೇಳಿದ ದಿನವೇ ಬಂದರು, ಮಂಡಿ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಮೇಲೆ ಹತ್ತಿ ನಿಂತರೆ ಪೂರ್ವದ ತುಂಬ ಮೋಡ. ಅತ್ತೆ ಕೊಟ್ಟ ಟೀ ಕುಡಿದು, "ಆಗಲಿ ಬಿಡಮ್ಮ, ಬೇಜಾರು ಮಾಡ್ಕೋಬೇಡ" ಎಂದು ಇಳಿದುಹೋದರು. ಅವರು ಬೀದಿಯ ತಿರುವು ದಾಟುವಷ್ಟರಲ್ಲಿ ಮೋಡ ಸರಿದು ಚಂದ್ರ ಹೊರಬಂದ. ಅಕ್ಕ ಆಕಾಶಕ್ಕೆ ಹೇಳಿದ ಮಾತನ್ನು ಇಲ್ಲಿ ಬರೆಯುವಂತಿಲ್ಲ.

ಮರುದಿನ ಅವರು ಕರೆಯದೆಯೇ ಬಂದರು. ಹೆಗಲಲ್ಲಿ ತಮ್ಮದೇ ಕ್ಯಾಮೆರಾ. ಆಕಾಶ ಶುಭ್ರವಾಗಿತ್ತು. ಕೊಳವೆಗೆ ಕಣ್ಣಿಟ್ಟು ನೋಡಿದರು. ಆಮೇಲೆ, "ನನ್ನ ಕ್ಯಾಮೆರಾ ಹಾಕು, ನಾನೇ ತೆಗೀತೀನಿ" ಎಂದರು. ಅಕ್ಕ ಹಾಕಿಕೊಟ್ಟು ಪಕ್ಕಕ್ಕೆ ಸರಿದಳು.

ಚಂದ್ರ ಸಿಕ್ಕಿದ, ತಪ್ಪಿಸಿಕೊಂಡ. ಎಡದ ತಿರುಪು ತಿರುಗಿಸಿದರೆ ಕೊಳವೆ ಮಲಗಿತು. ಬಲದ್ದನ್ನು ತಿರುಗಿಸಿದರೆ ಟೈಲರನ ನೀರಿನ ಟ್ಯಾಂಕು ಕಂಡಿತು. ಮತ್ತೆ ಚಂದ್ರ ಬಂದಾಗ ಅವರ ಮೊಣಕೈ ತಗುಲಿ ಕುಣಿದ. ಅಷ್ಟರಲ್ಲಿ ನೀರುಕಾಗೆಗಳ ಸಾಲು ಬಂತು, ಚಂದ್ರನಿಂದ ಬಹಳ ದೂರದಲ್ಲಿ ಆರಾಮಾಗಿ ಹಾದುಹೋಯಿತು. ಎರಡನೆಯ ಸಾಲೂ ಹಾಗೇ. ಪತ್ರಿಕೆಯ ಗಲಾಟೆಗಳ ನಡುವೆ ಮೂವತ್ತು ವರ್ಷ ಫೋಟೋ ತೆಗೆದ ಆ ಸಮಾಧಾನಿ ಮನುಷ್ಯ ಕೊನೆಗೆ ಕತ್ತಿನ ಬೆವರು ಒರೆಸಿಕೊಂಡು ಗದರಿದರು: "ಥತ್! ಇದೆಂಥ ಹಾಳು ಯಂತ್ರ ಕಣಮ್ಮ! ಇದಕ್ಕಿಂತ ಅಂಟಿಸೋದು ಎಷ್ಟೋ ಸುಲಭ!"

ಮಾತು ಬಾಯಿಂದ ಬಿದ್ದ ಮೇಲೆ ಅವರಿಗೇ ಅದು ಕೇಳಿಸಿತು. ಅತ್ತೆ ಸೆರಗು ಬಾಯಿಗೆ ಅಡ್ಡ ಹಿಡಿದರು.

ಅಧ್ಯಕ್ಷರು ಸ್ವಲ್ಪ ಹೊತ್ತು ತಮ್ಮ ಕ್ಯಾಮೆರಾದ ಮುಚ್ಚಳವನ್ನು ತಿರುವುತ್ತಾ ನಿಂತರು. "ಆ ವಿಡಿಯೋ ತೋರಿಸು," ಎಂದರು. ನೋಡಿದರು, ಇನ್ನೊಮ್ಮೆ ನೋಡಿದರು. "ನನ್ನದು ತಪ್ಪಾಯ್ತಮ್ಮ. ಆದ್ರೆ ಈ ವರ್ಷದ ಪ್ರದರ್ಶನ ಮುಗಿದುಹೋಯ್ತಲ್ಲ, ಏನು ಮಾಡೋದು?"

ಅದಕ್ಕೆ ಏನೂ ಮಾಡುವಂತಿರಲಿಲ್ಲ. ಮುಂದಿನ ವರ್ಷ ಹಳೆಯ ಚಿತ್ರ ಕಳಿಸುವಂತಿಲ್ಲ, ಅದೂ ನಿಯಮ. ಅಕ್ಕನಿಗೆ ಸಿಟ್ಟು ಬಂತು. ಆದರೂ ಅಂದು ಅವರನ್ನು ಕೈಹಿಡಿದು ಮೆಟ್ಟಿಲಿಳಿಸುವಾಗ, ಅಷ್ಟು ತಿಂಗಳಲ್ಲಿ ಮೊದಲ ಸಲ ಅವಳಿಗೆ ಹೊಟ್ಟೆ ತಣ್ಣಗಾದ ಹಾಗೆ ಅನ್ನಿಸಿತು.

ಆ ಚಿತ್ರ ಈಗ ಡ್ರೈವಿಂಗ್ ಶಾಲೆಯ ಗೋಡೆಯ ಮೇಲಿದೆ. ಗಂಡನೇ ದೊಡ್ಡದಾಗಿ ಅಚ್ಚು ಹಾಕಿಸಿ, ಕಟ್ಟು ಹಾಕಿಸಿ ತೂಗುಹಾಕಿದ. ಕಾಯುತ್ತಾ ಕೂತವರು ಕೇಳಿದರೆ, ಹೆಂಡತಿ ಚಂದ್ರನವರೆಗೂ ಹಾರುವ ಗರುಡನನ್ನು ಹಿಡಿದಳು ಎಂದು ಹೇಳುತ್ತಾನೆ. ಅದು ಗರುಡ ಅಲ್ಲ, ನೀರುಕಾಗೆ ಎಂದು ಅಕ್ಕ ಮೊದಮೊದಲು ತಿದ್ದುತ್ತಿದ್ದಳು. ಈಗ ಬಿಟ್ಟಿದ್ದಾಳೆ.

ಈಗ ಅವಳ ತಲೆ ತುಂಬ ಶನಿಗ್ರಹ. ಟೆಲಿಸ್ಕೋಪಿನಲ್ಲಿ ಅದು ಸಾಸಿವೆ ಕಾಳಿನಷ್ಟು ಕಾಣುತ್ತದೆ, ಸುತ್ತಲಿನ ಬಳೆ ಇದೆ ಎಂದರೆ ಇದೆ, ಇಲ್ಲ ಎಂದರೆ ಇಲ್ಲ. ಅದೂ ಕೈಗೆ ಸಿಗದೆ ಜಾರುತ್ತದೆ. ಜಾರದ ಹಾಗೆ ತಾನೇ ತಿರುಗುವ ಮೋಟಾರು ಸಿಗುತ್ತದೆಂದು ಗೊತ್ತಾಗಿ ತರಿಸಿದಳು. ಶನಿಯನ್ನು ಮನೆಗೆ ಕರೆಯುವುದು ಬೇಡ ಎಂದು ಅತ್ತೆ ಹೇಳಿ ನೋಡಿದರು, ಅವಳು ಕೇಳಲಿಲ್ಲ. ಮೊನ್ನೆ ಪೆಟ್ಟಿಗೆ ಬಂದಿದೆ. ಬಿಚ್ಚಿದರೆ ಮೋಟಾರು ಇದೆ, ವೈರು ಇದೆ, ಅದೇ ಏಳು ಭಾಷೆಯ ಪುಸ್ತಕ ಇದೆ, ಮೋಟಾರನ್ನು ಸ್ಟ್ಯಾಂಡಿಗೆ ಬಿಗಿಯುವ ತಿರುಪು ಇಲ್ಲ. ಬೆಳಗಿನಿಂದ ಅಕ್ಕ ಅಂಗಡಿಗೆ ಫೋನ್ ಮಾಡುತ್ತಿದ್ದಾಳೆ. ಆ ಕಡೆಯಿಂದ ಬರೀ ಹಾಡು ಕೇಳಿಸುತ್ತಿದೆ.